ಅತ್ತೆಯ ಬದನೆಕಾಯಿಗೊಂದು ಗಾಜಿನ ಮನೆ

ಬೆಟ್ಟದ ಮೇಲೆ ಕೂತು ನಮ್ಮ ರಾಯದುರ್ಗದ ಬಿಸಿಲನ್ನೂ ನಮ್ಮ ಬುದ್ಧಿಯನ್ನೂ ಒಟ್ಟಿಗೆ ಸಹಿಸಿಕೊಂಡು ಬಂದಿರುವ ನರಸಿಂಹಸ್ವಾಮಿಗೆ ಮೊದಲ ನಮಸ್ಕಾರ. ನನ್ನ ಅಂಗಡಿಯಲ್ಲಿ ಕಟ್ಟು ಹಾಕಿಸಿಕೊಂಡು ಮನೆಮನೆಯ ಗೋಡೆ ಸೇರಿದ ಎಲ್ಲ ದೇವರಿಗೂ ಆಮೇಲಿನ ನಮಸ್ಕಾರ. ಮೊಳೆ ಹೊಡೆಯುವಾಗ ನನ್ನ ಸುತ್ತಿಗೆ ಯಾರಿಗಾದರೂ ತಾಕಿದ್ದರೆ ಕ್ಷಮಿಸಲಿ.

ದೇವರ ಪಟಕ್ಕೆ ಗಾಜು ಹಾಕುವವನ ಬಾಳಿನಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವಾಗ ನಗು ಬರುವುದಿಲ್ಲ. ನಗು ಬರುವ ಹೊತ್ತಿಗೆ ಜೊತೆಯಲ್ಲಿ ನಗಬೇಕಾದವರು ಇರುವುದಿಲ್ಲ. ನನ್ನ ಕೊರಗು ಇಷ್ಟೇ.

ಇದು ಮದ್ರಾಸ್ ಸರ್ಕಾರದ ಕಾಲದ ಮಾತು. ಆಗ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ನಾನು, ಮಡಕಶಿರಾ ಕಡೆಯ ಅಗಳಿಯಿಂದ ಬಂದ ನನ್ನ ಹೆಂಡತಿ, ಮತ್ತು ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಅತ್ತೆಗೆ ಬದನೆಕಾಯಿ ಎಂದರೆ ಪ್ರಾಣ. ಎಣ್ಣೆಗಾಯಿ ಮಾಡಿದ ದಿನ ಇನ್ನೊಂದು ರೊಟ್ಟಿ ಹಾಕಿಸಿಕೊಂಡು, "ನನ್ನ ಕೈಗೆ ನನ್ನ ದೃಷ್ಟಿನೇ ತಾಕೀತು" ಎಂದು ತಾನೇ ನೆಟಿಗೆ ಮುರಿದುಕೊಳ್ಳುವಳು.

ಅಂಥವಳು ಇದ್ದಕ್ಕಿದ್ದಂತೆ ಬದನೆಕಾಯಿ ಬಡಿಸಿದರೆ ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸತೊಡಗಿದಳು. "ಯಾಕತ್ತೀ?" ಎಂದರೆ, "ಈ ಸಂತಿ ಕಾಯಿಗೆ ರುಚಿ ಎಲ್ಲೈತೋ? ನಮ್ಮ ಹಿತ್ತಲಾಗ ಬೆಳದದ್ದಾದ್ರ ನೋಡೋಣ" ಎನ್ನುವಳು.

ಹಿತ್ತಲಿನ ಬಾವಿಯಲ್ಲಿ ಕೊಡ ಇಳಿಸಿದರೆ ನೀರಿಗಿಂತ ಮೊದಲು ಕಲ್ಲಿನ ಸದ್ದು ಬರುತ್ತಿತ್ತು. ಆದರೂ ಅತ್ತೆ ತನ್ನ ಕಾಲ ಮುಗಿಯುವುದರೊಳಗೆ ಮತ್ತೊಮ್ಮೆ ಬದನೆಕಾಯಿ ತಿನ್ನಬೇಕು, ಅದು ನಮ್ಮ ಹಿತ್ತಲಿನದೇ ಆಗಿರಬೇಕು ಎಂದು ನಾನು ಸ್ವಾಮಿಯ ಮುಂದೆ ಹರಕೆ ಹೊತ್ತುಬಿಟ್ಟೆ.

ದೊರೆಯ ಗಿಡಗಳು

ಬಳ್ಳಾರಿಯ ಒಬ್ಬ ಬಿಳಿಯ ದೊರೆಯ ಬಂಗಲೆಯಲ್ಲಿ ಗಾಜು ಒಡೆದಿದೆ, ಬಂದು ಕೂರಿಸು ಎಂದು ಹೇಳಿಕಳಿಸಿದರು. ರೈಲು ಹತ್ತಿ ಹೋದೆ. ಕಿಟಕಿ ಇರಬೇಕು ಎಂದುಕೊಂಡರೆ, ಒಂದು ಮನೆಗೆ ಮನೆಯೇ ಗಾಜು! ಗೋಡೆ ಗಾಜು, ಚಾವಣಿ ಗಾಜು. ಒಳಗೆ ಮನುಷ್ಯರಿಲ್ಲ, ಬರೀ ಗಿಡ. ಬೆಳಗಿನ ಹೊತ್ತು. ಗಾಜಿನ ಒಳಮೈ ಎಲ್ಲ ಬೆವತು, ಹನಿಹನಿಯಾಗಿ ನೀರು ಮತ್ತೆ ಗಿಡದ ಬುಡಕ್ಕೇ ಬೀಳುತ್ತಿತ್ತು. ನಾನು ಕೈಮುಗಿದುಬಿಟ್ಟೆ. ತನ್ನ ನೀರು ತಾನೇ ಕುಡಿಯುವ ಮನೆ! ನನ್ನಂಥ ಬತ್ತಿದ ಬಾವಿಯವನಿಗೆ ಇದಕ್ಕಿಂತ ಬೇರೆ ಏನು ದಾರಿ ತೋರಿಸಬೇಕು ದೇವರು?

ಪಕ್ಕದಲ್ಲಿ ಮಾಲಿ ನಿಂತಿದ್ದ. "ಇದು ಯಾತಕ್ಕ ಕಟ್ಟಿದ್ದರೀ?" ಎಂದೆ.

"ದೊರೆಗಳ ದೇಶದಾಗ ಚಳಿ ಭಾಳರೀ. ಗಿಡಕ್ಕ ಹಿಂಗ ಗಾಜು ಹೊಚ್ಚಿ ಬೆಚ್ಚಗ ಇಡ್ತಾರ."

"ಬಳ್ಳಾರ್ಯಾಗ ಯಾಕ್ರಿ ಬೆಚ್ಚಗ ಇಡೋದು?"

ಮಾಲಿ ಬಂಗಲೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಹಿಂದಿನ ಮಾಲಿ ಇದನ್ನs ಕೇಳಿದ್ದರೀ. ಅದಕ್ಕs ಈಗ ನಾನು ಮಾಲಿ."

ಪಟವಾದದ್ದು

ನಮ್ಮ ಹಿತ್ತಲಲ್ಲೂ ಅಂಥದೇ ಮನೆ ಕಟ್ಟಲು ಗಾಜಿಗೆ ನಾನು ಎಲ್ಲಿಗೂ ಹೋಗಬೇಕಿರಲಿಲ್ಲ. ದೇವರ ಪಟ ಹಳತಾದರೆ ಯಾರೂ ಬೀದಿಗೆ ಎಸೆಯುವುದಿಲ್ಲ. ನನ್ನ ಅಂಗಡಿಗೆ ತಂದುಕೊಟ್ಟು ಹೊಸದು ಒಯ್ಯುತ್ತಾರೆ. ಹಳೆಯ ಪಟವನ್ನು ನಾನು ಕೈಮುಗಿದು ಕೆರೆಗೆ ಬಿಡುತ್ತಿದ್ದೆ. ಗಾಜನ್ನೂ ಕೆರೆಗೆ ಬಿಟ್ಟರೆ ಎಮ್ಮೆಗಳ ಕಾಲಿಗೆ ಚುಚ್ಚೀತೆಂದು ಅಟ್ಟದ ಮೇಲೆ ಜೋಡಿಸಿಟ್ಟಿದ್ದೆ. ನಮ್ಮಪ್ಪನ ಕಾಲದಿಂದ ಕೂಡಿದ ಗಾಜು ಅದು.

ಮರದ ಕೆಲಸಕ್ಕೆ ಅಗಳಿಯಿಂದ ನನ್ನ ಭಾವಮೈದುನ ಬಂದ. ಅವನು ಚೌಕಟ್ಟು ನಿಲ್ಲಿಸಿದ, ನಾನು ಗಾಜು ಕೂರಿಸುತ್ತ ಹೋದೆ. ನಮ್ಮ ಕಸುಬಿನಲ್ಲಿ ಮೊಳೆಯನ್ನು ಯಾವಾಗಲೂ ಪಟದ ಹಿಂದುಗಡೆಯಿಂದ ಹೊಡೆಯಬೇಕು, ಮುಂದೆ ಕಾಣಬಾರದು. ಮನೆಯ ಹಿಂದುಗಡೆ ಎಂದರೆ ಒಳಗಡೆ ತಾನೆ? ಒಳಗೆ ನಿಂತು ಹೊಡೆಯುತ್ತ ಬಂದೆ. ಭಾವಮೈದುನ ಹೊರಗಿನಿಂದ ಗಾಜು ಒತ್ತಿ ಹಿಡಿದಿದ್ದ. ಕೊನೆಯ ಗಾಜೂ ಕೂತಿತು. ಒಂದು ಮೊಳೆಯೂ ಹೊರಗೆ ಕಾಣದು. ನನಗೆ ಹೆಮ್ಮೆಯೋ ಹೆಮ್ಮೆ.

ಹೊರಗಿನಿಂದ ಅವನು ಕೂಗಿದ. "ಎಲ್ಲಾ ಸೊಗ್ಸಾಗೈತೆ ಭಾವ. ಈಗ ಆಚೀಕೆ ಎಂಗ್ ಬತ್ತೀಯ?"

ಬಾಗಿಲಿಗೆಂದು ಬಿಟ್ಟ ಜಾಗಕ್ಕೂ ನಾನು ಗಾಜು ಹೊಡೆದುಬಿಟ್ಟಿದ್ದೆ.

ಹೆಂಡತಿ ಓಡಿಬಂದಳು. "ಅಯ್ಯೋ ಶಿವನೇ, ಇವ್ರೂ ಪಟ ಆಗ್ಬಿಟ್ರಲ್ಲ!"

ಹಿಂದಿನಿಂದ ಅತ್ತೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಲಕ್ಷಣ ಕಾಣ್ತಾನ ನನ್ನ ಮಗ! ಅವಸರ ಮಾಡಬ್ಯಾಡ್ರಿ. ಒಂದು ಊದಿನಕಡ್ಡಿ ತಾರವ್ವಾ, ಬೆಳಗಿ ಆಮ್ಯಾಲೆ ತೆಗಿಯೋಣ."

ಬಾಲ

ಬಾಗಿಲು ಬಿಡಿಸಿ, ಒಳಗೆ ಬದನೆ ಸಸಿ ನೆಟ್ಟು, ಪಕ್ಕದಲ್ಲಿ ಹರಿವೆ, ಹಾಗಲ ಬೀಜ ಹಾಕಿದೆ. ಗಾಜು ಮಾತ್ರ ಎಷ್ಟು ತಿಕ್ಕಿದರೂ ಪೂರಾ ಸ್ವಚ್ಛವಾಗಲಿಲ್ಲ. ವರ್ಷಗಟ್ಟಲೆ ಹಚ್ಚಿದ ಕುಂಕುಮ ಮೂಲೆಯಲ್ಲಿ ಹಾಗೇ ಉಳಿದಿತ್ತು. ಮಳೆಗಾಲದಲ್ಲಿ ಥಂಡಿ ಹಿಡಿದ ಪಟಗಳ ಬಣ್ಣ ಗಾಜಿಗೇ ಅಂಟಿಬಿಟ್ಟಿತ್ತು. ಒಂದರಲ್ಲಿ ಲಕ್ಷ್ಮಿಯ ತಾವರೆ, ಲಕ್ಷ್ಮಿ ಇಲ್ಲ. ಇನ್ನೊಂದರಲ್ಲಿ ಹನುಮಪ್ಪನ ಬಾಲ.

ಬೀದಿಯವರು ಒಬ್ಬೊಬ್ಬರೇ ಬಂದು ಹಿತ್ತಲಲ್ಲಿ ಪ್ರದಕ್ಷಿಣೆ ಹಾಕತೊಡಗಿದರು. ಯಾರೋ ಕಾಯಿ ಒಡೆದರು. ಹೆಂಡತಿ ಎಳೆ ಹರಿವೆಸೊಪ್ಪು ಕೀಳಲು ಹೋದರೆ ಒಬ್ಬಾಕೆ ಕೈ ಹಿಡಿದಳು. "ದೇವರ ಮುಂದಿನ ಸೊಪ್ಪು ಕೀಳ್ತಾರೇನವ್ವಾ?"

"ಇದು ನಮ್ ಹಿತ್ಲು ಕಣಕ್ಕ! ಸಾರಿಗೆ ಸೊಪ್ಪು ಬ್ಯಾಡ್ವಾ?"

"ಸಾರು ನಾಳಿ ಮಾಡ್ಕೋ. ಇವತ್ತು ಶನಿವಾರ."

ಕಿರಾಣಿ ಅಂಗಡಿಯ ಶೆಟ್ಟರು ಮಾತ್ರ ಬಹಳ ಹೊತ್ತು ನಿಂತು ನೋಡಿ, ನನ್ನನ್ನು ಕರೆದು ತಕರಾರು ತೆಗೆದರು. "ಬಾಲ ಐತಿ. ಸ್ವಾಮಿ ಎಲ್ರಿ?"

ಅತ್ತೆ ಮುಂದೆ ಬಂದು ಉತ್ತರ ಕೊಟ್ಟಳು. "ಒಳಗ ಭಾಳ ಸೆಕಿ ಅಂತ ಹೊರಗ ಹೋಗ್ಯಾನ. ಜಾಗ ಹಿಡಿಯೋಕ ಬಾಲ ಇಟ್ಟು ಹೋಗ್ಯಾನ."

ಹಾಗಲಕಾಯಿ

ಎದುರುಮನೆಯ ಅಜ್ಜಿ ಅತ್ತೆಯ ಗೆಳತಿ. ಅವಳೂ ಅತ್ತೆಯೂ ಊರಿನ ಹೆಂಗಸರ ಗುಂಪಿನಲ್ಲಿ ಕಾಶಿಗೆ ಹೋಗಿಬಂದವರು. ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಅಲ್ಲಿಯೇ ಬಿಟ್ಟು, ಬದುಕಿರುವವರೆಗೂ ಮುಟ್ಟಬಾರದಲ್ಲ. ಅಜ್ಜಿ ನನ್ನ ಗಾಜಿನ ಮನೆಯಲ್ಲಿ ಹಾಗಲಬಳ್ಳಿ ನೋಡಿ ಹೌಹಾರಿದಳು.

"ಇದನ್ನ ಯಾಕ ಹಾಕಿದ್ಯೋ? ಕಾಶ್ಯಾಗ ನಾವೆಲ್ಲಾರೂ ಹಾಗಲಕಾಯಿ ಬಿಟ್ಟು ಬಂದೀವಿ."

"ಅಷ್ಟು ಇಷ್ಟ ಆಗಿತ್ತೇನಜ್ಜಿ?"

"ಹುಟ್ಟಿದಾಗಿಂದ ಬಾಯಿಗೆ ಇಟ್ಟಿಲ್ಲಪ್ಪ. ಅದಕ್ಕs ಬಿಡೋಕ ಕಷ್ಟ ಆಗಲಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಒಳಗೆ ಹೋದಳು. ನಾನೂ ನಕ್ಕು, ಹಾಗಲಬಳ್ಳಿ ಕಿತ್ತು, ಆ ಜಾಗಕ್ಕೂ ಬದನೆ ಸಸಿಯನ್ನೇ ಇಟ್ಟೆ.

ಒಗ್ಗರಣೆ

ಯುಗಾದಿ ಹತ್ತಿರ ಬಂತು. ಮಾಲಿಯ ಮಾತು ನನಗೆ ಅರ್ಥವಾದದ್ದು ಆವಾಗ. ಗಾಜು ಬೆವರುವುದಕ್ಕೆ ಮೊದಲೇ ನಾನು ಬೆವರುತ್ತಿದ್ದೆ. ಗಿಡಗಳಿಗೆ ಮೇಲಿನಿಂದ ಬಿದ್ದ ನೀರೆಂದರೆ ಅದೇ. ಒಂದು ಮಧ್ಯಾಹ್ನ ಹೆಂಡತಿ ಒಳಗಿನಿಂದ ಸೊಪ್ಪು ಹಿಡಿದುಕೊಂಡು ಬಂದಳು.

"ರೀ, ಇದು ಬುಡದಾಗೇ ಬೆಂದೈತೆ. ನಾನು ಒಗ್ಗರಣೆ ಹಾಕಿದ್ರೆ ಮುಗೀತು."

ಬೀದಿಯ ಹೆಂಗಸರಿಗೆ ಮಾತ್ರ ಬಹಳ ಸಂತೋಷ. ಕಾಗೆಯ ಕಾಟವಿಲ್ಲ, ಧೂಳಿಲ್ಲ. ಸಂಡಿಗೆ ಹಪ್ಪಳ ಎಲ್ಲ ಅಲ್ಲಿಗೇ ಬಂದವು. ದೇವರ ಗಾಜಿನ ಕೆಳಗೆ ಒಣಗಿದ ಸಂಡಿಗೆ ಚೆನ್ನಾಗಿ ಅರಳುತ್ತದೆಂದು ಸುದ್ದಿಯೂ ಆಯಿತು. ನಾನು ಚಾವಣಿಯ ಗಾಜು ಬಿಚ್ಚಿ ಗೋಣಿತಟ್ಟು ಹೊದಿಸಿದೆ. ಉಳಿದದ್ದು ಮೂಲೆಯ ಒಂದೇ ಒಂದು ಬದನೆ ಗಿಡ, ಹನುಮಪ್ಪನ ಬಾಲದ ನೆರಳಿನಲ್ಲಿ.

ಅತ್ತೆ ದಿನಾ ಅಕ್ಕಿ ತೊಳೆದ ನೀರನ್ನು ಆ ಗಿಡಕ್ಕೆ ಹಾಕಿ, ಬಗ್ಗಿ ಏನೋ ಹೇಳುವಳು. ನಾವು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. "ನೋಡ್ರೀ, ಬೇಗ ಕಾಯಿ ಬಿಡು ಅಂತ ಮುದ್ದು ಮಾಡ್ತಾವ್ರೆ" ಎಂದು ಹೆಂಡತಿ ಪಿಸುಗುಟ್ಟುವಳು. ನಾನು ಅಲ್ಲಿಂದಲೇ ಬೆಟ್ಟದ ಕಡೆಗೆ ಕೈಮುಗಿಯುತ್ತಿದ್ದೆ.

ಹಿಂದೆ ಬಂದದ್ದು

ಮೊದಲ ಮಳೆ ಬಿದ್ದ ಮೇಲೆ ಗಿಡ ಹೂ ಬಿಟ್ಟು ಕಾಯಾಯಿತು. ಎಂಥ ಕಾಯಿ! ನೇರಳೆ ಬಣ್ಣ, ಕೈಗೆ ನುಣ್ಣಗೆ ಜಾರುವಂಥದ್ದು. ಕೊಯ್ದು, ಸ್ವಾಮಿಯ ಮುಂದಿಟ್ಟು, ತಂದು ಅತ್ತೆಯ ಮಡಿಲಿಗೆ ಹಾಕಿದೆ. ಎದುರುಮನೆಯ ಅಜ್ಜಿಯೂ ಜಗಲಿಯ ಮೇಲೆ ಕೂತಿದ್ದಳು.

ಅತ್ತೆ ಒಂದು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತೊಟ್ಟು ಸವರಿದಳು. ಅಜ್ಜಿಗೆ ತಡೆಯಲಾಗಲಿಲ್ಲ.

"ಏ ಪುಣ್ಯಾತ್ಮ, ಆಕಿ ಕಾಶ್ಯಾಗ ಬಿಟ್ಟು ಬಂದದ್ದು ಇದನ್ನs!"

"ಎಲ್ಲಾರೂ ಹಾಗಲಕಾಯಿ ಅಂದಿದ್ಯಲ್ಲಜ್ಜಿ?"

"ಎಲ್ಲಾರೂ ಅದನ್ನs ಬಿಟ್ವಿ. ಈಕಿ ಒಬ್ಬಾಕಿ ಗಂಗಿಯೊಳಗ ನಿಂತು ಬದ್ನಿಕಾಯಿ ಅಂದ್ಲು. ಸುಮ್ಮನಿರs, ಇನ್ನೊಂದು ಸಲ ಯೋಚನೆ ಮಾಡು ಅಂತ ನಾನು ಸೆರಗು ಜಗ್ಗಿದೆ. ಕೇಳಲಿಲ್ಲ. ಊರಾಗ ಹೇಳಬ್ಯಾಡ ಅಂತ ನನ್ನ ಬಾಯಿಗೆ ಬೀಗ ಬ್ಯಾರೆ."

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೀ, ನನಗಾದರೂ ಹೇಳಬಾರದಿತ್ತಾ?"

"ಹೇಳಿದ್ರ ನೀನೂ ಬದ್ನಿಕಾಯಿ ತಿನ್ನೋದು ಬಿಟ್ಟುಬಿಡ್ತಿದ್ದಿ. ನನಗ ಗೊತ್ತಿಲ್ಲೇನು ನಿನ್ನ ಗುಣ? ಅದಕ್ಕ ಸಂತಿ ಕಾಯಿ ಅಂತ ಒಂದು ನೆಪ ಹೇಳಿದೆ. ಅಷ್ಟಕ್ಕ ನೀನು ಮನಿ ಕಟ್ತಿ ಅಂತ ಯಾರಿಗೆ ಗೊತ್ತು?"

"ಮತ್ತ ದಿನಾ ಗಿಡಕ್ಕ ಏನು ಹೇಳ್ತಿದ್ದಿ?"

"ಅವಸರ ಮಾಡಬ್ಯಾಡವ್ವಾ, ನಾನು ಹೋದಮ್ಯಾಲೆ ಕಾಯಿ ಬಿಡು ಅಂತ." ಅತ್ತೆ ಕಾಯಿಗಳನ್ನು ಮಡಿಲಲ್ಲಿ ಒಟ್ಟುಮಾಡಿಕೊಂಡು ಎದ್ದಳು. "ಕಾಶ್ಯಾಗ ಬಿಟ್ಟು ಬಂದ್ರ, ಇದು ನನ್ನ ಹಿಂದs ಬಂದು ಹಿತ್ತಲಾಗ ನಿಂತೈತಲ್ಲೋ!"

ಅಂದು ಅವಳೇ ಎಣ್ಣೆಗಾಯಿ ಮಾಡಿದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು ಬಡಿಸಿದಳು. ರುಚಿ ನೋಡುವಂತಿಲ್ಲವಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. "ಉಪ್ಪು ಸರಿ ಐತೇನೋ?"

"ಸ್ವಲ್ಪ ಕಮ್ಮಿ ಐತತ್ತಿ."

"ಇಷ್ಟು ಕಣ್ಣೀರು ಸುರಿಸಿಕೊಂತ ತಿಂತೀದಿ. ಇನ್ನೂ ಸಾಲದೇನು?"

ಹಿರಿಯರ ಹಬ್ಬ

ಮುಂದಿನ ಮಳೆಗಾಲಕ್ಕೆ ಅತ್ತೆ ಇರಲಿಲ್ಲ. ಗಿಡ ಇತ್ತು. ಅವಳು ಕೇಳಿಕೊಂಡಂತೆ, ಅವಳು ಹೋದಮೇಲೆ ಮೈತುಂಬ ಕಾಯಿ ಬಿಟ್ಟಿತು.

ಮಹಾಲಯ ಅಮಾವಾಸ್ಯೆ ಬಂತು. ಅಂದು ಹೋದವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಮಾಡಿ ಎಡೆ ಇಡಬೇಕು. ಹೆಂಡತಿ ಒಲೆಯ ಮುಂದೆ ಕೂತು ಕೇಳಿದಳು. "ಬದ್ನೆಕಾಯಿ ಇಡೋದಾ, ಬ್ಯಾಡ್ವಾ?"

ನನಗೂ ತಿಳಿಯದೆ ಪುರೋಹಿತರ ಮನೆಗೆ ಹೋದೆ. ಅವರು ಗಡ್ಡ ಕೆರೆದುಕೊಂಡರು. "ವ್ರತ ಹಿಡಿದದ್ದು ದೇಹರೀ. ದೇಹ ಹೋತು, ವ್ರತಾನೂ ಮುಗೀತು. ಧಾರಾಳವಾಗಿ ಇಡ್ರಿ, ತಿಂತಾರ."

ನನಗಾದ ಸಂತೋಷ ಹೇಳಲಾರೆ. ನನ್ನ ಹರಕೆಯನ್ನು ಸ್ವಾಮಿ ಈ ಸುತ್ತುದಾರಿಯಲ್ಲಿ ಸಲ್ಲಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆ ಗಿಡದ ಕಾಯಿಯನ್ನೇ ಆರಿಸಿ, ಅತ್ತೆಯ ಕೈಯ ಹದಕ್ಕೇ ಎಣ್ಣೆಗಾಯಿ ಮಾಡಿಸಿದೆ. ಉಪ್ಪು ಸರಿ ಹಾಕಿಸಿದೆ. ಎಲೆಯನ್ನು ಮಾಳಿಗೆಯ ಮೇಲಿಟ್ಟು ನಾವಿಬ್ಬರೂ ಪುರೋಹಿತರೂ ದೂರ ನಿಂತು ಕೈಮುಗಿದೆವು. ಎದುರುಮನೆಯ ಅಜ್ಜಿ ತನ್ನ ಮಾಳಿಗೆ ಹತ್ತಿ ನಿಂತಳು.

ಗಾಜಿನ ಮನೆಯ ಚೌಕಟ್ಟಿನ ಮೇಲೆ ಒಂದು ಕಾಗೆ ಕೂತಿತ್ತು. ನೇರ ಎಲೆಗೇ ಇಳಿಯಿತು. ಹೋಳಿಗೆ ತಿಂದಿತು. ಅನ್ನ ತಿಂದಿತು. ವಡೆ ಮುರಿದು ತಿಂದಿತು. ಆಮೇಲೆ ಎಣ್ಣೆಗಾಯಿಯ ಮುಂದೆ ಬಂದು ನಿಂತು, ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ನೋಡಿತು.

ಕಾಗೆ ಆ ಬದನೆಕಾಯಿಯನ್ನು ಕೊಕ್ಕಿನಿಂದ ಮೆಲ್ಲಗೆ ಎಲೆಯ ಅಂಚಿಗೆ ಸರಿಸಿತು. ಥೇಟ್ ಅತ್ತೆಯ ಹಾಗೆಯೇ. ಸರಿಸಿ, ಉಳಿದ ವಡೆ ಮುಗಿಸಿ, ಬೆಟ್ಟದ ಕಡೆಗೆ ಹಾರಿತು.

"ನಾನು ಬಿಡುಗಡಿ ಕೊಟ್ಟೆ, ಆಕಿ ತಗೊಳ್ಳಲಿಲ್ಲಲ್ರಿ" ಎಂದರು ಪುರೋಹಿತರು.

ನನಗೆ ಅದು ಕೇಳಿಸಲೇ ಇಲ್ಲ. ಹುಚ್ಚನ ಹಾಗೆ ಮಾಳಿಗೆಯ ಅಂಚಿಗೆ ಓಡಿ, ಪಂಚೆ ಎತ್ತಿಕಟ್ಟಿ, ಹಾರುವ ಕಾಗೆಯ ಹಿಂದೆ ಇಡೀ ಬೀದಿಗೆ ಕೇಳುವಂತೆ ಕೂಗಿದೆ.

"ಅತ್ತೀ, ಅದು ಸಂತಿ ಕಾಯಲ್ಲ! ನಮ್ಮ ಹಿತ್ತಲದ್ದು!"

ಇದನ್ನು ಕೇಳಿ ನಕ್ಕವರಿಗೂ ಕಣ್ಣೊರೆಸಿಕೊಂಡವರಿಗೂ ನರಸಿಂಹಸ್ವಾಮಿ ಒಳ್ಳೆಯದು ಮಾಡಲಿ. ನಿಮ್ಮ ಹಿತ್ತಲು ಹಸುರಾಗಿರಲಿ. ನಿಮ್ಮ ಎಲೆಗೆ ನಿಮಗಿಷ್ಟವಾದದ್ದು ಬೀಳಲಿ, ಉಪ್ಪು ಸರಿ ಇದೆಯೇ ಎಂದು ಕೇಳುವವರು ಬಹುಕಾಲ ನಿಮ್ಮ ಎದುರಿಗೇ ಕೂತಿರಲಿ.