ಹುಣಸೆಹುಳಿ ಕಂಡ ಟ್ರಾಕ್ಟರು

ನನ್ನ ಹೆಂಡತಿ ಚಿಕ್ಕಗೌರಮ್ಮ ನನಗೆ ಒಂದು ಟ್ರಾಕ್ಟರಿಗಾಗುವಷ್ಟು ಕೆಂಪು ಬಣ್ಣ ಬಾಕಿ ಕೊಡಬೇಕು. ಟ್ರಾಕ್ಟರು ಗೇಣುದ್ದದ್ದು, ಬಾಕಿ ಬೆಟ್ಟದಷ್ಟು.

ಹಸಿರು ಶಾಲು ಹೊದ್ದು ಕೊಬ್ಬರಿ ಬೆಲೆಗಾಗಿ ತಿಪಟೂರಿನ ರಸ್ತೆಯಲ್ಲಿ ಕೂತೂ ಕೂತೂ ನನ್ನ ಸೊಂಟ ಹೋಗಿದೆ. ಈಗ ಮನೆಯಲ್ಲಿ ಕೂತು ಆಟಿಕೆ ಟ್ರಾಕ್ಟರು ಕೂಡಿಡುತ್ತೇನೆ. (ನಗುವವರು ನಗಲಿ. ಲಾಠಿ ಏಟು ಕೂಡಿಡುವುದಕ್ಕಿಂತ ವಾಸಿ.) ಅದರಲ್ಲಿ ಕೆಂಪಿನವು ಎರಡು, ನೋಡಲು ಅವಳಿ. ಒಂದು ಕಬ್ಬಿಣದ್ದು: ಕೈಗೆ ಭಾರ, ರಬ್ಬರಿನ ಚಕ್ರ, ತಿರುಗಿಸಿದರೆ ತಿರುಗುವ ಸ್ಟೇರಿಂಗು. ಇನ್ನೊಂದು ಕಿಬ್ಬನಹಳ್ಳಿ ಅಂಗಡಿಯ ಪ್ಲಾಸ್ಟಿಕ್ಕು; ಊದಿದರೆ ಹಾರುತ್ತದೆ. "ಅದು ಅಪ್ಪಟ ಕಬ್ಬಿಣ ಕಣೇ, ಇದು ಬರೀ ಪ್ಲಾಸ್ಟಿಕ್ಕು" ಎಂದು ದಿನಾ ಊಟಕ್ಕೆ ಕೂತಾಗ ಅವಳಿಗೆ ಭಾಷಣ ಮಾಡುತ್ತಿದ್ದೆ.

ತುರುವೇಕೆರೆಯ ಮೆಕ್ಯಾನಿಕ್ ಖಾಸಿಂ ಸಾಬರಿಗೂ ಇದೇ ಹುಚ್ಚು. ಅವರ ಬಳಿಯಿರುವ, ಟ್ರೈಲರು ಸಮೇತದ ನೀಲಿ ಟ್ರಾಕ್ಟರಿನ ಮೇಲೆ ನನಗೆ ವರ್ಷಗಳಿಂದ ಕಣ್ಣು. ಕಬ್ಬಿಣದ ಕೆಂಪಿಗೆ ಬದಲಾಗಿ ಅದನ್ನು ಕೊಡಲು ಒಪ್ಪಿದರು. ಷರತ್ತು ಒಂದೇ: ಕಾರ್ಖಾನೆ ಬಳಿದ ಬಣ್ಣ ಹಾಗೇ ಇರಬೇಕು. ಆಯುಧಪೂಜೆಯ ಸಂಜೆ ಬರುತ್ತೇನೆಂದರು.

ಆ ಮಧ್ಯಾಹ್ನ ರೈತ ಸಂಘದ ಕಚೇರಿಯ ಪೂಜೆ ಮುಗಿಸಿ ಬಂದೆ. ನಡುಮನೆಯಲ್ಲಿ ಕುಡುಗೋಲು, ಮಚ್ಚು, ಗುದ್ದಲಿ, ಕಾಯಿ ಸುಲಿಯುವ ಗೂಟ ಸಾಲಾಗಿದ್ದವು. ಸಾಲಿನ ಕೊನೆಗೆ, ಮೈಮೇಲೆ ಚೂರೂ ಬಣ್ಣವಿಲ್ಲದೆ, ವಿಭೂತಿ ಬಳಿದುಕೊಂಡು ಬೆತ್ತಲೆ ಬೈರಾಗಿಯಂತೆ ನಿಂತಿತ್ತು ನನ್ನ ಟ್ರಾಕ್ಟರು.

"ಏನೇ ಮಾಡ್ದೆ ಇದ್ಕೆ?" ಎಂದೆ, ಅದನ್ನು ಎತ್ತಿಕೊಂಡು.

"ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ನಾರಲ್ಲಿ ಉಜ್ಜಿದೆ. ಮೇಲಿನ ಕೆಂಪೆಲ್ಲ ಹೋಗಿ ನಿಮ್ಮ ಅಪ್ಪಟ ಕಬ್ಬಿಣ ಕಾಣೋ ಹೊತ್ಗೆ ತೋಳು ಬಿದ್ದೋಯ್ತು."

"ಆ ಕೆಂಪೇ ಕಣೇ ಅದ್ರ ಪ್ರಾಣ. ಇನ್ನೊಂದನ್ನ ಯಾಕೆ ಬುಟ್ಟೆ ಮತ್ತೆ?"

"ಕಬ್ಬಿಣ ಕಬ್ಬಿಣ ಅಂತ ದಿನಾ ತಲೆ ತಿಂದೋರು ನೀವು. ಪ್ಲಾಸ್ಟಿಕ್ಕಿಗೆ ಯಾರಾದ್ರೂ ಆಯುಧಪೂಜೆ ಮಾಡ್ತಾರಾ?"

ಸಂಜೆ ಖಾಸಿಂ ಸಾಬರು ಬಂದರು. ಬೈರಾಗಿಯನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಪ್ಲಾಸ್ಟಿಕ್ಕನ್ನು ಎತ್ತಿ ಬೆಳಕಿಗೆ ಹಿಡಿದರು.

"ಬೋರಯ್ಯಣ್ಣ, ಈ ಅಚ್ಚಿನ ಮಾಲು ಬರೋದು ನಿಂತೋಗಿ ಎಷ್ಟೋ ಕಾಲ ಆಯ್ತು. ಇದನ್ನೇ ಹುಡುಕ್ತಿದ್ದೆ ನಾನು. ಅದರ ರಟ್ಟಿನ ಡಬ್ಬಿ ಸಮೇತ ಕೊಡ್ರಿ, ನೀಲೀದು ಈಗ್ಲೇ ಇಟ್ಟು ಹೋಗ್ತೀನಿ."

"ಡಬ್ಬೀನಾ?" ಚಿಕ್ಕಗೌರಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಪ್ಲಾಸ್ಟಿಕ್ಕಿಗೆ ಯಾಕೆ ಅರಮನೆ ಅಂತ ಇವರೇ ಕೈಯಾರೆ ನೀರೊಲೆಗೆ ಹಾಕಿದ್ರು ಕಣಣ್ಣ."

ಸಾಬರು ದೀಪಾವಳಿವರೆಗೆ ಗಡುವು ಕೊಟ್ಟಿದ್ದಾರೆ. ಆದ್ದರಿಂದ ಓದುಗರೇ, ನೇರವಾಗಿ ಕೇಳುತ್ತೇನೆ: ಕೆಂಪು ಟ್ರಾಕ್ಟರಿನ ಚಿತ್ರವಿರುವ ಖಾಲಿ ರಟ್ಟಿನ ಡಬ್ಬಿ ನಿಮ್ಮ ಅಟ್ಟದ ಮೇಲಿದ್ದರೆ ಕೊಡಿ. ಅನುಕಂಪ ಬೇಡ, ಬುದ್ಧಿಮಾತು ಬೇಡ, ಡಬ್ಬಿ ಕೊಡಿ. ಇನ್ನೂ ಏನು ಓದುತ್ತಾ ಕೂತಿದ್ದೀರಿ? ಅಟ್ಟ ಹತ್ತಿ.