ಆರುನೂರು ಓಮ್ ಮತ್ತು ನಮ್ಮ ಅತ್ತೆಯವರ ಕಿವಿ

ನಮ್ಮ ಮನೆಯಲ್ಲಿ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ಯಾರೂ ಮಾತಾಡುವುದಿಲ್ಲ. ಮಾತಾಡಿದರೂ ಕೇಳಿಸುವುದಿಲ್ಲ. ಅದು ನಮ್ಮ ಅತ್ತೆ ಹೊಳಿಯವ್ವನವರ ಧಾರಾವಾಹಿಗಳ ಹೊತ್ತು. ಎಂಟು ದಿನ ಇದ್ದು ಹೋಗುತ್ತೇನೆಂದು ದೇವರಗುಡ್ಡದಿಂದ ಬಂದ ಅವರು ಆಗ ನಮ್ಮಲ್ಲಿ ಎರಡನೆಯ ವರ್ಷ ಪೂರೈಸುತ್ತಿದ್ದರು. (ಇದು ದೂರಲ್ಲ, ಬರಿಯ ಮಾಹಿತಿ.) ಅವರ ಕಿವಿ ಮಂದ. ಹಾಗಾಗಿ ಟಿ.ವಿ.ಯ ಧ್ವನಿ ಕೊನೆಯ ಗೆರೆಯ ತನಕ ಏರಿರುತ್ತಿತ್ತು. ಧಾರಾವಾಹಿಯ ಸೊಸೆ ಅತ್ತರೆ, ಯಾಕೆ ಅತ್ತಳೆಂಬುದು ಬ್ಯಾಡಗಿಯ ನಮ್ಮ ಇಡೀ ಓಣಿಗೆ ತಿಳಿಯುತ್ತಿತ್ತು.

೨೦೦೬ರ ಮಾರ್ಚ್‌ನಲ್ಲಿ ಇದು ವಿಕೋಪಕ್ಕೆ ಹೋಯಿತು. ಮಗಳು ಸ್ನೇಹಾಳ ಹತ್ತನೆಯ ತರಗತಿಯ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಅವಳು ನನ್ನ ಶಾಲೆಯಲ್ಲೇ, ನನ್ನ ವಿಜ್ಞಾನದ ತರಗತಿಯಲ್ಲೇ ಓದುತ್ತಿದ್ದಳು. ಕಿವಿಗೆ ಅರಳೆ ತುರುಕಿಕೊಂಡು ಓದಲು ಕೂತವಳು ಒಂದು ಸಂಜೆ ಪುಸ್ತಕ ಮುಚ್ಚಿ ಅತ್ತೇಬಿಟ್ಟಳು. ಎದುರು ಮನೆಯ ಜುಬೇದಾ ಕೂಡ ಬಂದು, ತನ್ನ ಮೊಮ್ಮಗು ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದೆ ಎಂದು ಹೇಳಿಹೋದಳು.

"ಏನ್ರಿ, ಇಪ್ಪತ್ತು ವರ್ಷ ವಿಜ್ಞಾನ ಕಲಿಸೀರಿ. ಅವ್ವಗ ಒಬ್ಬಾಕಿಗೇ ಕೇಳೂ ಹಂಗ ಏನರ ಮಾಡಾಕ ಬರಂಗಿಲ್ಲೇನು?" ಎಂದಳು ನನ್ನ ಹೆಂಡತಿ ಸುಶೀಲಾ.

"ಬರಂಗಿಲ್ಲ ಅಂದ್ರ? ಹೆಡ್‌ಫೋನ್ ತಂದ್ರ ಆತು. ಇದೇನು ದೊಡ್ಡ ಕೆಲಸ!"

ಮರುದಿನ ಶಾಲೆ ಬಿಟ್ಟ ಕೂಡಲೇ ರಾಣೇಬೆನ್ನೂರಿಗೆ ಹೋದೆ. ಅಲ್ಲಿ ನನ್ನ ಬಾಲ್ಯದ ಗೆಳೆಯ ಸಲಾವುದ್ದೀನನ ರೇಡಿಯೋ ರಿಪೇರಿ ಅಂಗಡಿಯಿದೆ. ಅವನು ಎರಡು ಹೆಡ್‌ಫೋನ್ ತೆಗೆದಿಟ್ಟ. ಒಂದು ಹಗುರ, ಕೂದಲಿಗೆ ಹಾಕುವ ಬಿಲ್ಲಿನಂಥದ್ದು, ಮೂವತ್ತೆರಡು ಓಮ್. ಇನ್ನೊಂದು ಯಾವುದೋ ಹಳೆಯ ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದ ಗಜಗಾತ್ರದ ಸಾಮಾನು. ಅದರ ಮೇಲೆ ಆರುನೂರು ಓಮ್ ಎಂದು ಬರೆದಿತ್ತು.

ಓಮನ ನಿಯಮವನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು ಅಳಿಸುವ ನನ್ನ ಕೈ ದೊಡ್ಡದರ ಕಡೆಗೇ ಹೋಯಿತು. ದೊಡ್ಡ ಅಂಕಿ, ದೊಡ್ಡ ಧ್ವನಿ!

"ಮಾಸ್ತರ, ಅದು ಟಿ.ವಿ.ಗೆ ಒಗ್ಗಂಗಿಲ್ಲ. ಅದನ್ನ ಎಬ್ಬಿಸಾಕ ಆಂಪ್ಲಿಫೈಯರ್ ಬೇಕು. ಈ ಸಣ್ಣದು ಚೂರು ಕರೆಂಟಿಗೇ ಗಟ್ಟಿ ಹಾಡ್ತೈತಿ," ಎಂದ ಸಲಾವುದ್ದೀನ.

"ನೀ ಬೆಸಗಿ ಹಾಕೂದು ನೋಡ್ಕೋ. ಶಾಸ್ತ್ರ ನನಗ ಬಿಡು," ಎಂದೆ.

ಮನೆಗೆ ಬಂದು ಅತ್ತೆಯವರ ಕಿವಿಯ ಹತ್ತಿರ ಕೂಗಿದೆ: "ಅತ್ತಿ, ಇದು ಆರ್ನೂರು ಓಮ್!"

"ಆರ್ನೂರು ಓಂ? ಶಿವಶಿವಾ!" ಎಂದು ಅವರು ಹೆಡ್‌ಫೋನನ್ನು ಕಣ್ಣಿಗೊತ್ತಿಕೊಂಡು ತಲೆಗೇರಿಸಿದರು. ತುಸು ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ಹೇಳಿದರು: "ಯಾರೋ ಮಾತಾಡಾಕತ್ತಾರ ಅಳಿಯಾರ. ಅತ್ತ ದೂರ ಮೋಟೆಬೆನ್ನೂರಾಗ ಇರಬೇಕು."

ಸ್ನೇಹಾ ಪೆನ್ಸಿಲ್ ಹಿಡಿದು ಬಂದಳು. "ಅಪ್ಪಾ, ವೋಲ್ಟೇಜಿನ ವರ್ಗಾನ ರೋಧದಿಂದ ಭಾಗಿಸಿದ್ರ ಸಾಮರ್ಥ್ಯ ಅಂತ ನೀವೇ ಹೇಳೀರಿ. ಟಿ.ವಿ. ಕೊಡೂದು ಒಂದು ವೋಲ್ಟ್ ಅಂತ ಹಿಡೀರಿ. ಓಮ್ ಹೆಚ್ಚಾದಂಗ ಸಾಮರ್ಥ್ಯ ಕಡಿಮಿ. ಮೂವತ್ತೆರಡು ಓಮಿಗೆ ಸಿಗೂದರಾಗ ಇದಕ್ಕ ಹದಿನೆಂಟರಾಗ ಒಂದು ಪಾಲೂ ಸಿಗಂಗಿಲ್ಲ."

"ಗೊತ್ತೈತಿ. ನಿನಗ ತಿಳದೈತೋ ಇಲ್ಲೋ ನೋಡಾಕತ್ತಿದ್ದೆ," ಎಂದೆ. ಮಗಳು ನಂಬಲಿಲ್ಲ. ಸುಶೀಲಾಳಂತೂ ನಂಬುವ ಪ್ರಯತ್ನವನ್ನೂ ಮಾಡಲಿಲ್ಲ.

ಮರುದಿನ ಸಣ್ಣದನ್ನು ತಂದೆ. ಅದನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಮ್ಮೆ ಕಡಿಮೆಯಾದ ಧ್ವನಿ ಇನ್ನೊಮ್ಮೆ ಕಡಿಮೆಯಾದರೆ ನನ್ನ ವಿದ್ವತ್ತಿನ ಗತಿ? ಮುಖ್ಯೋಪಾಧ್ಯಾಯರನ್ನು ಕೇಳಿ, ಧ್ವಜವಂದನೆಗೆ ಬಳಸುವ ಶಾಲೆಯ ಅರವತ್ತು ವ್ಯಾಟಿನ ಆಂಪ್ಲಿಫೈಯರನ್ನು ಸೈಕಲ್ ಮೇಲೆ ಹೇರಿಕೊಂಡು ಬಂದೆ. ಟಿ.ವಿ.ಯನ್ನು ಅದಕ್ಕೆ ಜೋಡಿಸಿದೆ. ಲೌಡ್‌ಸ್ಪೀಕರಿನ ತಂತಿ ಸೇರುವಲ್ಲಿ ಹೆಡ್‌ಫೋನಿನ ತಂತಿ ಬಿಗಿದೆ.

ಹಿರಿಯರ ಕಿವಿಯ ಮೇಲೆ ಪ್ರಯೋಗ ಬೇಡವೆಂದು ಮೊದಲು ನಾನೇ ಹಾಕಿಕೊಂಡೆ. (ಆ ಇಡೀ ವಾರದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.) ಏನೂ ಕೇಳಿಸಲಿಲ್ಲ. ಆಂಪ್ಲಿಫೈಯರಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಆದರೂ ಇಲ್ಲ. ನೋಡಿದರೆ ಟಿ.ವಿ.ಯ ಧ್ವನಿಯೇ ಸೊನ್ನೆಯಲ್ಲಿತ್ತು.

"ಸುಶೀಲಾ, ರಿಮೋಟ್ ತಗೊಂಡು ಚೂರು ಏರಸು!"

ಸುಶೀಲಾ ಎರಡು ವರ್ಷದ ರೂಢಿಯಂತೆ ಕೊನೆಯ ಗೆರೆಯ ತನಕ ಏರಿಸಿದಳು.

ಧಾರಾವಾಹಿಯ ಅತ್ತೆ ನನ್ನ ತಲೆಬುರುಡೆಯೊಳಗೆ ನಿಂತು "ಏ!" ಎಂದಳು. ಟಪ್ ಎಂದಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಸಣ್ಣಗೆ ಹೊಗೆ. ನಾನು ಹೆಡ್‌ಫೋನ್ ಕಿತ್ತೊಗೆದು ಕೂಗುತ್ತ ಹಿತ್ತಲಿಗೆ ಓಡಿ, ನೀರಿನ ತೊಟ್ಟಿಯಲ್ಲಿ ತಲೆ ಅದ್ದಿದೆ. ಮಲಗುವ ಹೊತ್ತಿಗೆ ಎರಡೂ ಕಿವಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಮೂರನೆಯ ಸಲ ಬಂದ ನನ್ನನ್ನು ಕಂಡು ಸಲಾವುದ್ದೀನ ಅದೇ ಜಾತಿಯ ಇನ್ನೊಂದನ್ನು ಕೈಗಿಟ್ಟ. "ಅರ್ಧ ವ್ಯಾಟಿಗೆ ಹೊಟ್ಟಿ ತುಂಬೂ ಕೂಸಿಗೆ ಗಾಡಿಗಟ್ಟಲೆ ತಿನಿಸಿದ್ರ ಏನಾಗ್ತೈತ್ರಿ ಮಾಸ್ತರ? ಇದನ್ನ ಸೀದಾ ಟಿ.ವಿ.ಗೆ ಹಾಕ್ರಿ. ಶಾಸ್ತ್ರ ಮಾತ್ರ ಮಾಡಬ್ಯಾಡ್ರಿ."

ಹಾಗೇ ಮಾಡಿದೆ. ಅತ್ತೆಯವರ ಮುಖ ಅರಳಿತು. ಎಲ್ಲ ಸ್ಪಷ್ಟವಾಗಿ ಕೇಳುತ್ತಿದೆಯೆಂದು ಕೈಯಾಡಿಸಿ ತಿಳಿಸಿದರು. ಟಿ.ವಿ.ಯಲ್ಲಿ ಬಾಯಿಗಳು ಆಡುತ್ತಿದ್ದವು, ಮನೆ ನಿಶ್ಶಬ್ದವಾಗಿತ್ತು. ಸ್ನೇಹಾ ಕಿವಿಯ ಅರಳೆ ತೆಗೆದು ಪುಸ್ತಕ ಬಿಚ್ಚಿದಳು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಎರಡು ವರ್ಷದ ಮೇಲೆ ಕೇಳಿಸಿತು. ನಾನು ಜಗಲಿಗೆ ಬಂದು, ಗೆದ್ದವನ ಠೀವಿಯಲ್ಲಿ ಕಾಲು ಚಾಚಿ ಕೂತೆ.

ಅಷ್ಟರಲ್ಲಿ ಜಾಹೀರಾತು ಬಂತು. ಅತ್ತೆಯವರು ಹೆಡ್‌ಫೋನ್ ತೆಗೆಯದೆಯೇ ಸುಶೀಲಾಳನ್ನು ಹತ್ತಿರ ಕರೆದು, ಗುಟ್ಟು ಹೇಳಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ತಮ್ಮ ಧ್ವನಿ ತಮಗೇ ಕೇಳಿಸದಿದ್ದರಿಂದ ಆ ಗುಟ್ಟು ಸಂತೆಯ ಹರಾಜಿನ ಕೂಗಿನಂತೆ ಹೊರಬಿತ್ತು.

"ಸುಶೀಲಾ! ನಿನ್ನ ಗಂಡಗ ಏನೂ ತಿಳಿಯಂಗಿಲ್ಲ ನೋಡು! ಹುಡುಗಿ ಲೆಕ್ಕಾ ಹೇಳಿಕೊಡಬೇಕಾತು! ಕಿವಿ ಸುಟ್ಟಕೊಂಡು ಎಮ್ಮಿ ಒದರಿದಂಗ ಒದರಿದ!"

ಸುಶೀಲಾ ಕೈಸನ್ನೆ ಮಾಡಿದಳು: ಮೆಲ್ಲಗೆ, ಮೆಲ್ಲಗೆ.

"ಮೆಲ್ಲಕ ಹೇಳಾಕತ್ತೇನಲ್ಲ! ಅಂವಗೇನು ಕೇಳ್ತೈತಿ!"

ಎದುರು ಮನೆಯ ಕಿಟಕಿ ತೆರೆಯಿತು. ಜುಬೇದಾ ಇಣುಕಿದಳು. ಅದರಾಚೆಯ ಕಟ್ಟೆಯ ಮೇಲೆ ನನ್ನ ಮೂವರು ವಿದ್ಯಾರ್ಥಿನಿಯರು ಪುಸ್ತಕ ಹಿಡಿದು ಕೂತಿದ್ದರು. ಪುಸ್ತಕಗಳು ಒಂದೊಂದಾಗಿ ಮುಚ್ಚಿದವು.

"ಈ ಮಾತು ನಮ್ಮಿಬ್ಬರೊಳಗ ಇರ್ಲಿ!" ಎಂದು ಅತ್ತೆಯವರು ಓಣಿಗೆಲ್ಲ ಕೇಳುವಂತೆ ಎಚ್ಚರಿಸಿದರು. "ಸಾಲಿ ಹುಡುಗರಿಗೆ ಗೊತ್ತಾದ್ರ ಮಾಸ್ತರಗ ಮರ್ಯಾದಿ ಉಳಿಯಂಗಿಲ್ಲ!"

ಮರುದಿನ ಮೊದಲ ಪಿರಿಯಡ್ಡಿಗೆ ಹತ್ತನೆಯ ತರಗತಿಗೆ ಹೋದೆ. ಎಂದೂ ಇಲ್ಲದ ಶಿಸ್ತಿನಿಂದ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಕರಿಹಲಗೆಯ ಮೇಲೆ ಯಾರೋ ಒಂದು ಲೆಕ್ಕ ಬರೆದಿದ್ದರು: "ಶಾಲೆಯ ಆಂಪ್ಲಿಫೈಯರ್ ಕೊಡುವುದು ಇಪ್ಪತ್ತೆರಡು ವೋಲ್ಟ್, ಹೆಡ್‌ಫೋನ್ ಮೂವತ್ತೆರಡು ಓಮ್. ಅಂದಾನೆಪ್ಪ ಮಾಸ್ತರರ ಕಿವಿ ಸುಟ್ಟ ಸಾಮರ್ಥ್ಯವನ್ನು ಕಂಡುಹಿಡಿಯಿರಿ."

ಕೆಳಗೆ ಉತ್ತರವೂ ಇತ್ತು. ಹೆಚ್ಚುಕಡಿಮೆ ಹದಿನೈದು ವ್ಯಾಟ್. ತಪ್ಪು ಹುಡುಕಿ ಬೈಯೋಣವೆಂದು ಎರಡು ಸಲ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅಕ್ಷರ ಮಾತ್ರ ನಮ್ಮ ಸ್ನೇಹಾಳದ್ದು.