ಪರದೆ ಬಿದ್ದ ಮೇಲೆ ಎದ್ದು ನಿಲ್ಲುವ ಭಾವ

ಡಬ್ಲಿನ್ನಿನ ಯಾವ ನಾಟಕಶಾಲೆ ಬೆಂಕಿಗೆ ಸಿಕ್ಕಿ ಮತ್ತೆ ಎದ್ದಿತು, ಯಾವ ನಾಟಕ ನೋಡಿ ಜನ ರೊಚ್ಚಿಗೆದ್ದು ಗಲಾಟೆ ಮಾಡಿದರು, ಎಲ್ಲವೂ ನಮ್ಮ ಭಾವನವರಿಗೆ ಬಾಯಿಪಾಠ. ಮಾಲಿನ ಪಾರ್ಕಿಂಗಿನಲ್ಲಿ ತಮ್ಮ ಕಾರು ಯಾವ ಮಹಡಿಯಲ್ಲಿದೆ ಎಂಬುದು ಮಾತ್ರ ಗೊತ್ತಿಲ್ಲ. ಐರ್ಲೆಂಡಿಗೆ ಹೋಗಿದ್ದಾರೆಯೇ? ವಿಮಾನದ ಕಿಟಕಿಯಿಂದಲೂ ನೋಡಿಲ್ಲ! ಇಂಥವರಿಗೆ ಅಕ್ಕನನ್ನು ಕೊಟ್ಟೆವಲ್ಲ ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತದ್ದು ಅದೆಷ್ಟು ಸಲವೋ.

ಈ ರೋಗ ಅಂಟಿದ್ದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ. ಅಲ್ಲಿದ್ದ ಐರಿಷ್ ಮ್ಯಾನೇಜರನ ಅಜ್ಜ ನಾಟಕ ಕಂಪನಿ ಇಟ್ಟಿದ್ದನಂತೆ. ಲಾರಿಯಲ್ಲಿ ಪರದೆ, ಹಲಗೆ, ದೀಪ ಹೇರಿಕೊಂಡು ಹಳ್ಳಿಹಳ್ಳಿ ತಿರುಗಿ, ಟಿವಿ ಬಂದ ಮೇಲೆ ಮುಚ್ಚಿಹೋದ ಕಂಪನಿ. ಈಗ ಅಲ್ಲಿ ಹವ್ಯಾಸಿಗಳ ನಾಟಕ ಸ್ಪರ್ಧೆಗಳು ನಡೆಯುತ್ತವೆ. ಪರದೆ ಬಿದ್ದ ಕೂಡಲೇ ತೀರ್ಪುಗಾರ ವೇದಿಕೆ ಹತ್ತಿ ಎಲ್ಲರೆದುರೇ ತಪ್ಪು ಒಪ್ಪು ಹೇಳುತ್ತಾನೆ. ಊಟದ ಹೊತ್ತಿಗೆ ಇಷ್ಟು ಕಥೆ ಹೇಳಿ ಆ ಪುಣ್ಯಾತ್ಮ ತನ್ನ ದೇಶಕ್ಕೆ ಹೋದ. ಅನುಭವಿಸುವವರು ನಾವು.

ನನ್ನ ಮಗಳ ಶಾಲೆಯ ವಾರ್ಷಿಕೋತ್ಸವ ಮುಗಿದದ್ದೇ ತಡ, ಭಾವ ಎದ್ದು ನಿಂತರು. "ಎರಡನೇ ಸಾಲಿನ ಮರಕ್ಕೆ ಏಕಾಗ್ರತೆ ಸಾಲದು."

"ಮಾವ, ಐ ವಾಸ್ ಜಸ್ಟ್ ಎ ಟ್ರೀ," ಎಂದಳು ಮಗಳು.

"ಮರಕ್ಕೂ ಒಂದು ಉದ್ದೇಶ ಬೇಕು ಮಗಾ."

ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಅವರ ಹೆಂಡತಿ ಅತ್ತರು. ಭಾವ ಮೈಕು ಹಿಡಿದು, "ಅಳು ಸಹಜವಾಗಿತ್ತು, ಆದರೆ ಸಭೆಗೆ ಬೆನ್ನು ಹಾಕಿ ಅತ್ತರು," ಎಂದರು. ಆಮೇಲೆ ಆ ಮನೆಯಿಂದ ನಮಗ್ಯಾರಿಗೂ ಕರೆಯಿಲ್ಲ.

"ನಿಮ್ಮ ಐರ್ಲೆಂಡಿಗೆ ಬೆಂಕಿ ಬೀಳ!" ಎಂದು ಅಕ್ಕ ಬೈದಳು.

"ನಾಟಕಶಾಲೆಗೆ ಒಮ್ಮೆ ಬಿದ್ದಾಗಿದೆ ಮಾರಾಯ್ತಿ. ಪುನಃ ಕಟ್ಟಿದ್ರು," ಎಂದರು ಭಾವ.

ಕಟ್ಟಿದರು ಸರಿ, ಇಲ್ಲಿನ ಪರಿಚಯದವರನ್ನು ಸೇರಿಸಿ ಭಾವ ತಾವೇ ಕಟ್ಟಿದ್ದ ನಾಟಕ ತಂಡ? ಅದು ಒಂದೇ ಒಂದು ನಾಟಕವನ್ನೂ ಕೊನೆ ಮುಟ್ಟಿಸಲಿಲ್ಲ. ನಾಯಕನಿಗೆ ಶಿಫ್ಟು ಬದಲಾಗುತ್ತಿತ್ತು, ನಾಯಕಿ ವೆಕೇಶನ್ನಿಗೆ ಊರಿಗೆ ಹೋಗುತ್ತಿದ್ದಳು, ಖಳನಾಯಕನಿಗೆ ಮಸ್ಕತ್ತಿಗೆ ವರ್ಗವಾಗುತ್ತಿತ್ತು. ಅಷ್ಟರಲ್ಲಿ ಭಾವನವರ ಕೆಲಸವೂ ಹೋಯಿತು.

"ತಿಂಗಳ ಕೊನೆಗೆ ವೀಸಾ ಖಲಾಸ್," ಎಂದರು ನನ್ನೊಡನೆ. "ಹೋಗುವ ಮೊದಲು ಒಂದು ನಾಟಕ ಪೂರ್ತಿ ಆಗ್ಬೇಕು ಮಾರಾಯ. ಇಲ್ಲದಿದ್ರೆ ಇಷ್ಟು ವರ್ಷ ನಾನು ಇಲ್ಲಿ ಎಂತ ಮಾಡಿದ್ದು?"

ನಾನಾದರೂ ಇಲ್ಲಿ ಎಂಥ ಮಹಾ ಸಾಧಿಸಿದ್ದೇನೆ?

ನಾಟಕವನ್ನು ಅವರೇ ಬರೆದರು. ಕೊನೆಯ ತಿರುಗಾಟಕ್ಕೆ ಹೊರಟ ಐರಿಷ್ ಕಂಪನಿಯೊಂದರ ಲಾರಿ ಕೆಸರಿನಲ್ಲಿ ಹೂತು ನಿಂತ ಕಥೆ. ಜಾಗ, ದುಬೈಯ ಅಲ್ ಕೂಜ್‌ನಲ್ಲಿ ಪರಿಚಯದವರೊಬ್ಬರ ಟೈಲ್ಸ್ ಗೋದಾಮು. ಅದೇ ಸಂಜೆ ಕ್ರಿಕೆಟ್ ಫೈನಲ್. ಪ್ರೇಕ್ಷಕರು ಯಾರೆಂದರೆ ನಾನು, ನನ್ನ ಹೆಂಡತಿ, ಮಗಳು, ಅಕ್ಕ ಮತ್ತು ಭಾಷೆ ಬಾರದ ವಾಚ್‌ಮನ್. ನಟರು? ಒಬ್ಬರೂ ಬರಲಿಲ್ಲ.

ಭಾವ ಟೊಪ್ಪಿ ಬದಲಿಸಿ ಬದಲಿಸಿ ಮೂರೂ ಪಾತ್ರ ಮಾಡಿದರು. ಯಜಮಾನ, ಚಾಲಕ, ಕೊನೆಗೆ ತಲೆಗೆ ಶಾಲು ಸುತ್ತಿಕೊಂಡು ಕುಂಟುವ ಮುದಿ ನಟಿ. ಕಡೆಯ ಮಾತಿಗೆ ಬರುವಾಗ ಸ್ವರ ಒಡೆಯಿತು, ಮಾತು ಗಂಟಲಲ್ಲೇ ಉಳಿಯಿತು. ಪರದೆಯೆಂದು ಕಟ್ಟಿದ್ದ ಬೆಡ್‌ಶೀಟನ್ನು ತಾವೇ ಎಳೆದುಕೊಂಡು, ಮತ್ತೆ ತಾವೇ ಸರಿಸಿ ಹೊರಗೆ ಬಂದು ನಿಂತರು. ಅವರ ಪದ್ಧತಿಯ ಪ್ರಕಾರ ಈಗ ಯಾರಾದರೂ ಎದ್ದು ತೀರ್ಪು ಹೇಳಬೇಕು. ಅವರು ನನ್ನನ್ನೇ ನೋಡಿದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ.

ಎದ್ದವಳು ಅಕ್ಕ. ಮಂಡಿ ಹಿಡಿದುಕೊಂಡು ಹೋಗಿ ಭಾವನ ಪಕ್ಕ ನಿಂತಳು.

"ಮೊದಲಿಗೆ ಸ್ವರ ಸಾಲಲಿಲ್ಲ," ಎಂದಳು. "ಚಾಲಕ ಅಡ್ಡಿಲ್ಲ. ಮುದುಕಿಯದ್ದು ನನ್ನದೇ ನಡಿಗೆ, ಅದು ಮಾತ್ರ ತುಂಬಾ ಚಂದ ಬಂತು. ಕಡೆಯ ಮಾತು ನುಂಗಿದ್ರಿ. ಮೊನ್ನೆ ಪಾತ್ರೆ ತೊಳೆಯುವಾಗ ಹೇಳಿದ್ರಲ್ಲ, ಆಗ ಸರಿ ಇತ್ತು."

ಬೈಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು ನನ್ನ ಅಕ್ಕ. ಭಾವ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದರು.

"ಪುನಃ ಹೇಳ್ಲಾ?"

"ಹೇಳಿ. ನಾವು ಕೂತಿದ್ದೇವಲ್ಲ."

ಅಕ್ಕ ಕುಂಟುತ್ತ ಬಂದು ಕುರ್ಚಿಯಲ್ಲಿ ಕೂತಳು. ಭಾವ ಶಾಲು ಸುತ್ತಿಕೊಂಡು ಕಡೆಯ ಮಾತನ್ನು ಹೇಳಿದರು. ಈ ಸಲ ಪೂರ್ತಿ ಹೇಳಿದರು.